ಬ್ರಾಕೆಟಿನೊಳಗಿನ ಗ್ಲೌಸ್

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಸಿಟ್ಟು ಬಂತು. ಬರೆದವಳ ಮೇಲಲ್ಲ. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹುಡುಗಿ. ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ಟು ಕಾಮರ್ಸ್ ಮುಗಿಸಿದ್ದಾಳೆ. ಸಾಫ್ಟ್‌ಬಾಲ್ ಆಡುತ್ತಾಳೆ, ಎರಡು ವರ್ಷ ಜಿಲ್ಲಾ ತಂಡದಲ್ಲಿದ್ದಳು. ಈಗ ಎದುರಿಗೆ ಮೂರು ಕಾಲೇಜು. ಮಂಗಳೂರಿನ ಒಂದು ಕಾಲೇಜು ಫೀಸು ಬೇಡ, ಹಾಸ್ಟೆಲು ಊಟ ಎಲ್ಲ ಪುಕ್ಕಟೆ ಎಂದಿದೆ. ಅದು ಸೋದರಮಾವ ಹುಡುಕಿದ್ದು. ಕಣ್ಣೂರು ಕಡೆಯ ಒಂದು ಕಾಲೇಜಿನಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ತಂಡ ಇದೆಯಂತೆ. ಅದು ಶಾಲೆಯ ಪಿಟಿ ಮಾಷ್ಟ್ರು ಹೇಳಿದ್ದು. ಹುಡುಗಿಯನ್ನು ಕಳಿಸುತ್ತೇನೆ ಅಂತ ಅವರು ಅಲ್ಲಿನ ಕೋಚಿಗೆ ಮಾತೂ ಕೊಟ್ಟಾಗಿದೆ. ಮೂರನೆಯದು ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಅಲ್ಲಿ ಸಾಫ್ಟ್‌ಬಾಲ್ ಇಲ್ಲ, ಅಮ್ಮನಿಗೆ ಅದೇ ಇಷ್ಟ. ಅಪ್ಪ ಏನೂ ಹೇಳುವುದಿಲ್ಲ. "ಯಾರ ಮಾತು ಕೇಳಲಿ?" ಎಂದು ನಾಲ್ಕು ಪುಟ ಬರೆದಿದ್ದಾಳೆ.

ಮೂರನೇ ಪುಟದ ಕೊನೆಯಲ್ಲಿ, ಬ್ರಾಕೆಟಿನೊಳಗೆ, ಒಂದೇ ಒಂದು ಸಾಲು ಇದೆ. "ನನ್ನದು ಎಡಗೈ, ಶಾಲೆಯಲ್ಲಿ ಎಡಗೈಯವರ ಗ್ಲೌಸ್ ಇಲ್ಲ, ಹಾಗಾಗಿ ಚೆಂಡು ಹಿಡಿದು, ಗ್ಲೌಸ್ ಕಳಚಿ ಎಸೆಯುತ್ತೇನೆ, ಸ್ವಲ್ಪ ತಡ ಆಗುತ್ತದೆ."

ಮಗಳೇ, ಇದು ಬ್ರಾಕೆಟಿನೊಳಗೆ ಹಾಕುವ ಮಾತಾ?

ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಾಫ್ಟ್‌ಬಾಲ್ ಎಂದ ಮಾತ್ರಕ್ಕೆ ಚೆಂಡು ಮೆತ್ತಗಿರುವುದಿಲ್ಲ. ಸುತ್ತಳತೆ 12 ಇಂಚು, ಕ್ರಿಕೆಟ್ ಚೆಂಡಿಗಿಂತ ದಪ್ಪ, ಬರಿಗೈಗೆ ಬಡಿದರೆ ರಾತ್ರಿಯಿಡೀ ನೆನಪಿರುತ್ತದೆ. ಅದಕ್ಕೇ ಫೀಲ್ಡಿಂಗಿಗೆ ನಿಂತ ಒಂಬತ್ತು ಜನರಿಗೂ ಗ್ಲೌಸ್. ಎಸೆಯುವ ಕೈ ಖಾಲಿ, ಇನ್ನೊಂದು ಕೈಗೆ ಗ್ಲೌಸ್. ಬಲಗೈಯಲ್ಲಿ ಎಸೆಯುವವರು ಎಡಗೈಗೆ ಹಾಕಿಕೊಳ್ಳುತ್ತಾರೆ. ನಮ್ಮ ಶಾಲೆಗಳ ಕಿಟ್ ಬ್ಯಾಗಿನಲ್ಲಿ ಇರುವುದೆಲ್ಲ ಸಾಮಾನ್ಯವಾಗಿ ಅಂಥವೇ. ಈ ಹುಡುಗಿ ಎಸೆಯುವ ಕೈಗೇ ಗ್ಲೌಸ್ ಹಾಕಿಕೊಂಡು ಚೆಂಡು ಹಿಡಿಯಬೇಕು, ಗ್ಲೌಸನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಎಳೆದುಕೊಳ್ಳಬೇಕು, ಚೆಂಡು ಹೊರತೆಗೆಯಬೇಕು, ಆಮೇಲೆ ಎಸೆಯಬೇಕು. ಬ್ಯಾಟ್ ಬೀಸಿದವಳು ಒಂದಾದ ಮೇಲೊಂದು ಓಡಿ ಮುಟ್ಟಬೇಕಾದ ಗುರುತುಗಳಿಗೆ ಬೇಸ್ ಎನ್ನುತ್ತಾರೆ, ಅವಳಿಗಿಂತ ಮೊದಲು ಚೆಂಡು ಅಲ್ಲಿಗೆ ತಲುಪಬೇಕು. ಒಂದು ಬೇಸಿನಿಂದ ಇನ್ನೊಂದಕ್ಕೆ 60 ಅಡಿ. ಚುರುಕಾಗಿ ಓಡುವವಳಿಗೆ ಅದು ಮೂರು ಸೆಕೆಂಡಿನ ಆಸುಪಾಸಿನ ದಾರಿ. ಅಷ್ಟರೊಳಗೆ ಇವಳದ್ದು ಇಷ್ಟೆಲ್ಲ ಕಸರತ್ತು. ಹೀಗಿದ್ದೂ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಾಳೆ, ಅದೂ ಎರಡು ವರ್ಷ!

ನಮ್ಮಲ್ಲಿ ಎಡಗೈ ಮಕ್ಕಳು "ಆ ಕೈಯಲ್ಲಿ ಬೇಡ" ಎನ್ನುವುದನ್ನು ಕೇಳಿಯೇ ಬೆಳೆಯುತ್ತಾರೆ. ಪ್ರಸಾದಕ್ಕೆ ಕೈ ಚಾಚಿದರೂ ಬೈಗುಳ, ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಬೈಗುಳ. ಆಮೇಲೆ ಮೈದಾನದಲ್ಲಿ ಗ್ಲೌಸ್ ಇಲ್ಲ ಎಂದರೆ ಅದೂ ತನ್ನದೇ ತಪ್ಪು ಎಂದುಕೊಳ್ಳುತ್ತಾರೆ. "ಸ್ವಲ್ಪ ತಡ ಆಗುತ್ತದೆ" ಎಂದು ಬರೆದಿದ್ದೀಯಲ್ಲ, ಕ್ಷಮೆ ಕೇಳಿದ ಹಾಗಿದೆ ಅದು.

ಈಗ ಸಿಟ್ಟಿನ ವಿಷಯ. ನಿನ್ನ ಮಾವನನ್ನು ನಾನು ಬೈಯುತ್ತೇನೆ ಅಂದುಕೊಂಡಿರಬಹುದು. "ಒಲಿಂಪಿಕ್ಸಿನಲ್ಲೇ ಇಲ್ಲದ ಆಟ" ಎಂದರಂತೆ ಅವರು. ಇತ್ತು ಅಂತ ಹೇಳು. 1996ರಿಂದ 2008ರವರೆಗೆ ಇತ್ತು, ಟೋಕಿಯೊದಲ್ಲೂ ಇತ್ತು, ಪ್ಯಾರಿಸ್ಸಿನಲ್ಲಿ ಬಿಟ್ಟರು, 2028ಕ್ಕೆ ಲಾಸ್ ಏಂಜಲೀಸಿನಲ್ಲಿ ಮತ್ತೆ ಬರುತ್ತಿದೆ. ಆದರೆ ಊಟ ಏನು, ರಾತ್ರಿ ಎಲ್ಲಿ ಮಲಗುತ್ತಾಳೆ ಅಂತ ವಿಚಾರಿಸಿದವರು ಅವರೊಬ್ಬರೇ. ಅಷ್ಟಕ್ಕೇ ಅವರನ್ನು ಬಿಟ್ಟಿದ್ದೇನೆ.

ಸಿಟ್ಟು ನಿನ್ನ ಪಿಟಿ ಮಾಷ್ಟ್ರ ಮೇಲೆ. ನೀನು ಅವರನ್ನು ದೇವರು ಎಂದಿದ್ದೀಯ. ನಿನ್ನ ಕೈಗೆ ಚೆಂಡು ಕೊಟ್ಟವರು ಅವರು, ಅದನ್ನು ಕಡಿಮೆ ಮಾಡಲಾರೆ. ಆದರೆ ಮೂರು ವರ್ಷ ದಿನಾ ಸಂಜೆ ಒಂದು ಹುಡುಗಿ ಗ್ಲೌಸ್ ಕಳಚಿ ಕಳಚಿ ಎಸೆಯುವುದನ್ನು ನೋಡಿ ಅವರಿಗೆ ಏನೂ ಅನ್ನಿಸಲಿಲ್ಲವಾ? ಕಬಡ್ಡಿ ಮ್ಯಾಟಿಗೆ ಊರಿನವರ ಹತ್ತಿರ ದುಡ್ಡು ಒಟ್ಟು ಮಾಡಿದರು ಅಂತ ನೀನೇ ಬರೆದಿದ್ದೀಯ. ಒಂದು ಗ್ಲೌಸಿಗೆ ಕೇಳಲು ನಾಲಗೆ ಏಳಲಿಲ್ಲ. ನಿನ್ನನ್ನು ರೈಟ್ ಫೀಲ್ಡಿಗೆ, ಚೆಂಡು ಅಪರೂಪಕ್ಕೆ ಬರುವ ಮೂಲೆಗೆ, ಹಾಕಿದರು. ಎಡಗೈಯವರು ಹೇಳಿ ಮಾಡಿಸಿದ ಹಾಗೆ ಹೊಂದುವ ಜಾಗ ಫಸ್ಟ್ ಬೇಸ್. ಅಲ್ಲಿ ನಿಂತರೆ ಗ್ಲೌಸ್ ಹಾಕಿದ ಬಲಗೈ ಮೈದಾನದ ಕಡೆಗಿರುತ್ತದೆ, ಸೆಕೆಂಡ್ ಬೇಸಿಗೋ ಥರ್ಡಿಗೋ ಎಸೆಯುವಾಗ ಮೈ ತಿರುಗಿಸುವ ಕೆಲಸವಿಲ್ಲ. ಬ್ಯಾಟಿಂಗಿಗೂ ಎಡಗಡೆ ನಿಂತರೆ ಫಸ್ಟ್ ಬೇಸ್ ಒಂದೆರಡು ಹೆಜ್ಜೆ ಹತ್ತಿರ. ಇದನ್ನೆಲ್ಲ ಹೇಳಬೇಕಾದವರು ಮಾಷ್ಟ್ರು, ಆಪ್ತ ಸಲಹೆ ಬರೆಯುವ ನಾನಲ್ಲ.

ಮತ್ತೆ ಈ ಮಾತು ಕೊಡುವ ಚಟ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮದುವೆಯಾಗಲಿ, ಕೆಲಸವಾಗಲಿ, ಕಾಲೇಜಾಗಲಿ, ಹೋಗಬೇಕಾದವರು ಒಬ್ಬರು, ಮಾತು ಕೊಡುವವರು ಇನ್ನೊಬ್ಬರು. ಅವರು ಕೊಟ್ಟ ಮಾತನ್ನು ಅವರೇ ನೋಡಿಕೊಳ್ಳಲಿ.

ಇನ್ನು ಕಾಲೇಜು. ಮಂಗಳೂರಿನವರು ಟ್ರಯಲ್ಸಿಗೆ ಕರೆದು ನೂರು ಮೀಟರ್ ಓಡಿಸಿದರು, ಶಾಟ್‌ಪುಟ್ ಎಸೆಸಿದರು, "ಸೆಲೆಕ್ಟ್" ಎಂದರು ಅಂತ ಬರೆದಿದ್ದೀಯ. ಸಾಫ್ಟ್‌ಬಾಲ್ ಕೈಗೆ ಕೊಟ್ಟರಾ? ಬರೆದಿಲ್ಲ. ಕೊಟ್ಟಿರಲಿಕ್ಕಿಲ್ಲ. ಗಟ್ಟಿಮುಟ್ಟಾದ ಒಂದು ಹುಡುಗಿ ಸಿಕ್ಕಿದಳು, ಯಾವ ಆಟಕ್ಕಾದರೂ ಆದೀತು ಎಂದು ಅವರ ಲೆಕ್ಕ. ಟೂರ್ನಮೆಂಟಿಗೆ ಹದಿನೈದು ದಿನ ಇರುವಾಗ ಹ್ಯಾಂಡ್‌ಬಾಲಿನವರನ್ನೂ ಖೋ ಖೋದವರನ್ನೂ ಸೇರಿಸಿ ಸಾಫ್ಟ್‌ಬಾಲ್ ತಂಡ ಕಟ್ಟುವ ಕಾಲೇಜುಗಳಿವೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಆಫೀಸಿನಲ್ಲೇ ಇರಲಿ ಎಂದರಂತಲ್ಲ, ಕೊಡಬೇಡ. ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಪುಕ್ಕಟೆ ಅನ್ನದ ಋಣವನ್ನು ಮೂರು ವರ್ಷ ಆಗಾಗ ನೆನಪಿಸುತ್ತಲೇ ಇರುತ್ತಾರೆ, ಅದೂ ಗೊತ್ತಿರಲಿ.

ಕಣ್ಣೂರೆಂದರೆ ಮಲಯಾಳಂ ಭಯ ಅಂದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ ಮಾತಾಡಿ ಬೆಳೆದ ಕಾಸರಗೋಡಿನ ಹುಡುಗಿ ಇದನ್ನು ಬರೆದರೆ ನಾನು ನಂಬಬೇಕಾ? ಎರಡನೇ ಭಾಷೆಗೆ ಏನು ಸಿಗುತ್ತದೆ ಅಂತ ಮಾತ್ರ ಮೊದಲೇ ಕೇಳಿಕೋ. ಅಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ, ಬೇಕಾದರೆ ಮೂರಕ್ಕೇ ಮುಗಿಸಿ ಬರಬಹುದು. ಆಡುವವಳಿಗೆ ಆ ಒಂದು ವರ್ಷ ಜಾಸ್ತಿ ಸಿಕ್ಕಿದರೆ ನಷ್ಟವೇನಿಲ್ಲ. ಅಮ್ಮನ ಕಾಲೇಜಿನ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ಆಟ ಬಿಡುವ ಮನಸ್ಸಿದ್ದರೆ ನೀನು ನಾಲ್ಕು ಪುಟ ಬರೆಯುತ್ತಿರಲಿಲ್ಲ.

ಹಾಗಂತ ಕಣ್ಣೂರಿಗೆ ಸೇರಿಬಿಡು ಎಂದೂ ಹೇಳುತ್ತಿಲ್ಲ. ನೀನು ಮಾಡಬೇಕಾದದ್ದು ಒಂದೇ. ಈ ಬುಧವಾರ ರೈಲು ಹತ್ತಿ ಹೋಗು, ಸಂಜೆ ನಾಲ್ಕೂವರೆಗೆ ಆ ಕಾಲೇಜಿನ ಮೈದಾನದಲ್ಲಿರು. ಮೊದಲು ಆಫೀಸಿಗೆ ಹೋಗಬೇಡ. ಮಳೆ, ಪ್ರಾಕ್ಟೀಸ್ ಇಲ್ಲ ಎನ್ನುತ್ತಾರೆ. ನಿಜವಾದ ತಂಡವಾದರೆ ಮಳೆಗಾಲದಲ್ಲೂ ಯಾವುದಾದರೂ ಜಗಲಿಯಲ್ಲಿ ಇಬ್ಬರಾದರೂ ಚೆಂಡು ಎಸೆದುಕೊಳ್ಳುತ್ತಿರುತ್ತಾರೆ. ಅವರ ಹತ್ತಿರ ಹೋಗಿ ಕೇಳು: "ಎಡಗೈಯವರ ಗ್ಲೌಸ್ ಉಂಟಾ?" ಉಂಟು ಎಂದರೆ ಹಾಕಿಕೊಂಡು ಹತ್ತು ಚೆಂಡು ಹಿಡಿದು ಎಸೆ. ಇಲ್ಲ, ಆದರೆ ತರಿಸುತ್ತೇವೆ ಎಂದು ಕೋಚ್ ಹೇಳಿದರೆ ಯಾವಾಗ ಅಂತ ಕೇಳು, ತಾರೀಕು ಹೇಳಿದರೆ ಅದೂ ಆಗಬಹುದು. "ಯಾವ ಗ್ಲೌಸಾದರೇನು, ಹೊಂದಿಕೊಂಡರಾಯಿತು" ಎಂದರೆ ಮುಂದಿನ ರೈಲಿಗೆ ವಾಪಸ್ ಬಾ. ಮಂಗಳೂರಿಗೆ ಹೋದರೂ ಇದೇ ಪ್ರಶ್ನೆ.

ಜೊತೆಗೆ ಅಪ್ಪನನ್ನು ಕರೆದುಕೊಂಡು ಹೋಗು. ಏನೂ ಹೇಳದವರು ಚೆನ್ನಾಗಿ ನೋಡುತ್ತಾರೆ. ಮಾಷ್ಟ್ರಿಗೆ ಮಾತ್ರ ಮೊದಲೇ ತಿಳಿಸಬೇಡ. ತಿಳಿಸಿದರೆ ಅವರು ಫೋನ್ ಮಾಡುತ್ತಾರೆ, ಬುಧವಾರ ಸಂಜೆಗೆ ಅಲ್ಲಿ ಒಂದು ತಂಡ ತಯಾರಾಗಿ ನಿಂತಿರುತ್ತದೆ.