ಅಮ್ಮನ ಮೊಣಕಾಲು, ಬ್ವಿಂಡಿಯ ಗೊರಿಲ್ಲಾ

62 ವರ್ಷದ ಅಮ್ಮನಿಗೆ ಮೊಣಕಾಲು ನೋವು, ಉಗಾಂಡದಲ್ಲಿ ಗೊರಿಲ್ಲಾ ನೋಡಲು ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಬಹುದು. ಆದರೆ ಬ್ವಿಂಡಿ ಕಾಡಿನಲ್ಲಿ ಬುಹೋಮಾ ಕಡೆಯ ಪರ್ಮಿಟ್ ತಗೊಳ್ಳಿ. ಅದೇ ಕಾಡಿನ ನ್ಕುರಿಂಗೊ ಕಡೆ ಬೇಡ, ಅಲ್ಲಿ ಕಡಿದಾದ ಇಳಿಜಾರು ಜಾಸ್ತಿ.

ಬೆಳಿಗ್ಗೆ ರೇಂಜರ್‌ಗಳು 8 ಜನರ ಗುಂಪು ಮಾಡುತ್ತಾರೆ. ಆಗಲೇ ಮೊಣಕಾಲಿನ ವಿಷಯ ಹೇಳಿಬಿಡಿ. ಹತ್ತಿರ ಇರುವ ಗೊರಿಲ್ಲಾ ಕುಟುಂಬದ ಕಡೆ ಕಳಿಸಲು ನೋಡುತ್ತಾರೆ. ಗ್ಯಾರಂಟಿ ಏನಿಲ್ಲ, ಅವು ನಡೆಯುತ್ತಲೇ ಇರುತ್ತವೆ ಅಲ್ವಾ!

ಬ್ಯಾಗ್ ಹೊರುವ ಪೋರ್ಟರ್ ಬೇಡ ಅಂತ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಕೆಸರಿನ ಏರಿನಲ್ಲಿ ನನ್ನನ್ನು ಕೈ ಹಿಡಿದು ಎಳೆದವರು ಅವರೇ. ತೀರಾ ಆಗದಿದ್ದರೆ ಡೋಲಿಯಲ್ಲಿ ಹೊರುವವರೂ ಸಿಗುತ್ತಾರೆ, ದುಡ್ಡು ಬೇರೆ. ದಪ್ಪ ಗ್ಲೌಸ್ ಇರಲಿ, ತುರಚಿ ಗಿಡ ಹಿಡಿದರೆ ಉರಿ ಬೇಗ ಇಳಿಯುವುದಿಲ್ಲ. ಯೆಲ್ಲೋ ಫೀವರ್ ಲಸಿಕೆ ಹೊರಡುವ 10 ದಿನ ಮೊದಲೇ ಹಾಕಿಸಿ.