ಹಿಮ್ಮಡಿ ನೋವು: ಯಾವ ಪಾದರಕ್ಷೆ, ಎಷ್ಟು ಹೊತ್ತು?

ಕಳೆದ ಕೆಲವು ವಾರಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಪಾದದ ನೋವಿನ ಕುರಿತಾದವೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಮೊದಲ ಪತ್ರದ ಉತ್ತರ ದೀರ್ಘವಾಗಿದೆ. ಉಳಿದ ಉತ್ತರಗಳು ಅದನ್ನೇ ಆಧರಿಸಿರುವುದರಿಂದ ದಯವಿಟ್ಟು ಎಲ್ಲರೂ ಅದನ್ನು ಓದಬೇಕು.

ಪ್ರಶ್ನೆ: ನನಗೆ 46 ವರ್ಷ, ಶಿಕ್ಷಕಿ. ಹತ್ತು ತಿಂಗಳಿನಿಂದ ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟೊಡನೆ ಬಲಗಾಲಿನ ಹಿಮ್ಮಡಿಗೆ ಮೊಳೆ ಚುಚ್ಚಿದಂತಾಗುತ್ತದೆ. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಕಡಿಮೆಯಾಗಿ, ಸ್ವಲ್ಪ ಹೊತ್ತು ಕುಳಿತು ಎದ್ದರೆ ಮತ್ತೆ ಬರುತ್ತದೆ. ಎಕ್ಸ್‌ರೇ ನೋಡಿ ಮೂಳೆ ಬೆಳೆದಿದೆ ಎಂದರು. ಒಳ್ಳೆಯ ಶೂ ಕೊಂಡು ದಿನವೂ ಸಂಜೆ ಅರ್ಧ ಗಂಟೆ ಹಾಕಿಕೊಂಡು ನಡೆಯುತ್ತಿದ್ದೇನೆ. ಆರು ವಾರವಾದರೂ ಗುಣ ಕಾಣಲಿಲ್ಲ. ಶೂ ಬದಲಿಸಬೇಕೇ ಅಥವಾ ಮೂಳೆಯನ್ನು ತೆಗೆಸಬೇಕೇ?

ಉತ್ತರ: ನೀವು ಬರೆದಿರುವ ಲಕ್ಷಣಗಳು ವೈದ್ಯರು ಪ್ಲಾಂಟರ್ ಫ್ಯಾಸಿಯೈಟಿಸ್ ಎಂದು ಕರೆಯುವ ತೊಂದರೆಗೆ ಬಹುಮಟ್ಟಿಗೆ ಹೊಂದುತ್ತವೆ. ಹಿಮ್ಮಡಿಯ ಮೂಳೆಯ ಅಡಿಯಿಂದ ಹೊರಟು ಬೆರಳುಗಳ ಬುಡದವರೆಗೆ ಹರಡಿಕೊಂಡಿರುವ ದಪ್ಪನೆಯ, ಹೆಚ್ಚು ಹಿಗ್ಗದ ಪಟ್ಟಿಯೊಂದು ನಮ್ಮ ಅಂಗಾಲಿನಲ್ಲಿದೆ. ಬಿಲ್ಲಿಗೆ ಹೆದೆ ಹೇಗೋ ಪಾದದ ಕಮಾನಿಗೆ ಅದು ಹಾಗೆ. ಹಿಮ್ಮಡಿ ನೆಲ ಬಿಟ್ಟು ಮೇಲೇಳುವಾಗ ಬೆರಳುಗಳು ಬಾಗಿ ಈ ಪಟ್ಟಿಯನ್ನು ರಾಟೆಗೆ ಹಗ್ಗ ಸುತ್ತಿದಂತೆ ಎಳೆದು ಕಮಾನನ್ನು ಬಿಗಿಗೊಳಿಸುತ್ತವೆ. 1954ರಲ್ಲಿ ಹಿಕ್ಸ್ ಎಂಬವರು ವಿವರಿಸಿದ ಈ ಕ್ರಿಯೆ ನಾವಿಡುವ ಪ್ರತಿ ಹೆಜ್ಜೆಯಲ್ಲೂ ನಡೆಯುತ್ತದೆ. ದಿನಕ್ಕೆ ಸಾವಿರಾರು ಬಾರಿ ಎಳೆತಕ್ಕೆ ಸಿಗುವ ಈ ಪಟ್ಟಿ, ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ದುರಸ್ತಿಯಾಗುವುದಕ್ಕಿಂತ ಬೇಗ ಸವೆಯತೊಡಗಿದಾಗ ನೋವು ಶುರುವಾಗುತ್ತದೆ. ನಿದ್ದೆಯಲ್ಲಿ ಪಾದ ಕೆಳಮುಖವಾಗಿ ಸಡಿಲ ಬಿದ್ದಿರುವುದರಿಂದ ಪಟ್ಟಿಯೂ ಮೀನಖಂಡವೂ ಗಂಟೆಗಟ್ಟಲೆ ಕುಗ್ಗಿದಂತೆಯೇ ಇರುತ್ತವೆ. ಎದ್ದು ಇಡುವ ಮೊದಲ ಹೆಜ್ಜೆ ಇಡೀ ದೇಹದ ಭಾರವನ್ನು ಹಾಕಿ ಅದನ್ನು ಒಮ್ಮೆಲೇ ಎಳೆಯುತ್ತದೆ. ಆ ಮೊಳೆ ಚುಚ್ಚಿದ ಅನುಭವ ಬರುವುದು ಇದರಿಂದ.

ಮೂಳೆಯ ವಿಷಯಕ್ಕೆ ಬಂದರೆ, ನೀವು ಭಯಪಡಬೇಕಾಗಿಲ್ಲ. ಎಕ್ಸ್‌ರೇಯಲ್ಲಿ ಕೊಕ್ಕಿನಂತೆ ಕಾಣುವ ಆ ಬೆಳವಣಿಗೆ ನೋವೇ ಇಲ್ಲದ ಎಷ್ಟೋ ಜನರಲ್ಲಿಯೂ ಇರುತ್ತದೆ, ತೀವ್ರ ನೋವಿರುವ ಎಷ್ಟೋ ಜನರಲ್ಲಿ ಇರುವುದಿಲ್ಲ. ಅದು ಚುಚ್ಚುವುದರಿಂದ ನೋವು ಬರುತ್ತಿದೆ ಎಂಬ ತಿಳಿವಳಿಕೆ ಸರಿಯಲ್ಲ. ಅದನ್ನು ಕತ್ತರಿಸಿ ತೆಗೆಸುವ ಅಗತ್ಯವೂ ಸಾಮಾನ್ಯವಾಗಿ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಗಮನವನ್ನು ಹಿಡಿದು ನಿಲ್ಲಿಸಿದ್ದು ‘ಅರ್ಧ ಗಂಟೆ’ ಎಂಬ ಮಾತು. ತರಗತಿಯಲ್ಲಿ ಐದಾರು ಗಂಟೆ ನೀವು ಯಾವ ಪಾದರಕ್ಷೆಯಲ್ಲಿ ನಿಲ್ಲುತ್ತೀರಿ? ಅಡುಗೆಮನೆಯ ಗಟ್ಟಿ ನೆಲದ ಮೇಲೆ ಎಷ್ಟು ಹೊತ್ತು ಬರಿಗಾಲಿನಲ್ಲಿರುತ್ತೀರಿ? ಇವೆರಡನ್ನೂ ನೀವು ಬರೆದಿಲ್ಲ, ಬರೆಯಬೇಕೆಂದು ನಿಮಗೆ ಹೊಳೆದೂ ಇರಲಾರದು. ಆಧಾರ ಕೊಡುವ ಪಾದರಕ್ಷೆ ಔಷಧದ ಹಾಗೆ ಒಳಗೆ ಹೋಗಿ ಕೆಲಸ ಮಾಡುವುದಿಲ್ಲ. ಕಮಾನಿನ ಅಡಿಗೆ ಆನಿಕೆ ಕೊಟ್ಟು, ಹಿಮ್ಮಡಿಯನ್ನು ತುಸು ಎತ್ತರಿಸಿ, ಆ ಪಟ್ಟಿಯ ಮೇಲೆ ಬೀಳುವ ಎಳೆತವನ್ನು ಕಡಿಮೆ ಮಾಡುವುದಷ್ಟೇ ಅದರ ಕೆಲಸ. ಅದೂ ಕಾಲಿನಲ್ಲಿ ಇರುವಷ್ಟು ಹೊತ್ತು ಮಾತ್ರ. ದಿನದ ಅರ್ಧ ಗಂಟೆ ಪಟ್ಟಿಗೆ ಬಿಡುವು ಕೊಟ್ಟು ಉಳಿದ ಹತ್ತು ಗಂಟೆ ಅದನ್ನು ಜಗ್ಗಿದರೆ ಗುಣ ಕಾಣುವುದು ಹೇಗೆ?

ಆದ್ದರಿಂದ ಆ ಶೂ ಸದ್ಯಕ್ಕೆ ತರಗತಿಗೆ ಹೋಗಲಿ. ಮನೆಯೊಳಗೆಂದೇ ಕಮಾನಿನ ಆನಿಕೆಯುಳ್ಳ, ಹಿಮ್ಮಡಿಯನ್ನು ತೊಟ್ಟಿಲಿನಂತೆ ಹಿಡಿಯುವ ಒಂದು ಜೊತೆ ಚಪ್ಪಲಿಯನ್ನು ಇಟ್ಟುಕೊಂಡು, ರಾತ್ರಿ ಅದನ್ನು ಮಂಚದ ಪಕ್ಕದಲ್ಲೇ ಬಿಡಿ. ಬೆಳಿಗ್ಗೆ ಏಳುವ ಮೊದಲು ಮಂಚದ ಅಂಚಿನಲ್ಲಿ ಕುಳಿತು, ನೋವಿರುವ ಪಾದವನ್ನು ಇನ್ನೊಂದು ಮೊಣಕಾಲಿನ ಮೇಲಿಟ್ಟುಕೊಂಡು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಹಿಂದಕ್ಕೆಳೆಯಿರಿ. ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಪಟ್ಟಿ ಬಿಗಿದ ತಂತಿಯಂತೆ ಕೈಗೆ ಸಿಗುತ್ತದೆ. ಹತ್ತು ಎಣಿಸುವವರೆಗೆ ಹಾಗೆಯೇ ಹಿಡಿದು ಬಿಡಬೇಕು. ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಇದಾದ ಮೇಲೆ ಕಾಲನ್ನು ನೆಲಕ್ಕಲ್ಲ, ಚಪ್ಪಲಿಗೆ ಇಳಿಸಿ. ಎರಡು ಮೂರು ವಾರಗಳ ನಂತರ ಮೆಟ್ಟಿಲಿನ ಅಂಚಿನಲ್ಲಿ ನಿಂತು, ಬೆರಳುಗಳ ಅಡಿಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನು ದಿನ ಬಿಟ್ಟು ದಿನ ಮಾಡಬಹುದು. ಪಟ್ಟಿಗೆ ಬಲ ಬರುವುದು ಇದರಿಂದಲೇ, ಶೂವಿನಿಂದಲ್ಲ. ಬಹುಪಾಲು ಜನರಿಗೆ ಈ ನೋವು ಶಸ್ತ್ರಚಿಕಿತ್ಸೆಯಿಲ್ಲದೆ ಹೋಗುತ್ತದೆ, ಆದರೆ ವಾರಗಳಲ್ಲಲ್ಲ, ತಿಂಗಳುಗಳಲ್ಲಿ. ಮೂರು ತಿಂಗಳು ಬಿಡದೆ ಮಾಡಿ ನನಗೆ ಮತ್ತೆ ಬರೆಯಿರಿ. ಅವಸರಪಟ್ಟು ಹಿಮ್ಮಡಿಗೆ ಸ್ಟೀರಾಯ್ಡ್ ಚುಚ್ಚುಮದ್ದನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಬೇಡಿ. ಅದು ಕೆಲವು ವಾರ ನೋವನ್ನು ತಗ್ಗಿಸಬಹುದಾದರೂ ಪಟ್ಟಿ ಹರಿಯುವ ಮತ್ತು ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯ ಅದರಲ್ಲಿದೆ.

ಪ್ರಶ್ನೆ: ಅಂಗಡಿಯಲ್ಲಿ ಎಲ್ಲ ಶೂಗಳ ಮೇಲೂ ‘ಪಾದಕ್ಕೆ ಆರಾಮ’ ಎಂದೇ ಬರೆದಿರುತ್ತದೆ. ಮೆತ್ತಗಿದ್ದಷ್ಟೂ ಒಳ್ಳೆಯದೆಂದು ಬೆರಳಿನಿಂದ ಒತ್ತಿ ನೋಡಿ ಎರಡು ಜೊತೆ ಕೊಂಡೆ. ಮೊದಲ ವಾರ ಹಾಯೆನಿಸಿತು, ಆಮೇಲೆ ನೋವು ಹೆಚ್ಚಾಯಿತು. ನಿಜವಾದ ಆಧಾರವಿರುವ ಶೂವನ್ನು ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಅನುಭವವೇ ನನ್ನದೂ ಆಗಿತ್ತು. ಹಿಮ್ಮಡಿ ನೋವು ನನಗೆ ಬಂದಾಗ ನಾನೂ ಮೊದಲು ಆರಿಸಿಕೊಂಡದ್ದು ಹತ್ತಿಯ ದಿಂಬಿನಂಥ ಶೂವನ್ನೇ. ಮೆತ್ತನೆಯ ಫೋಮಿಗೆ ಕಾಲಿಟ್ಟ ಕ್ಷಣ ಹಿತವೆನಿಸುತ್ತದೆ ನಿಜ, ಆದರೆ ದೇಹದ ಭಾರಕ್ಕೆ ಅದು ಚಪ್ಪಟೆಯಾದ ಮೇಲೆ ಪಾದಕ್ಕೆ ಆನಿಕೊಳ್ಳಲು ಏನೂ ಉಳಿಯುವುದಿಲ್ಲ. ಹಿಮ್ಮಡಿ ಒಳಗೆ ಹುಗಿದು ಪಾದ ಒಂದು ಬದಿಗೆ ವಾಲುತ್ತದೆ. ಮೃದುತ್ವ ಬೇರೆ, ಆಧಾರ ಬೇರೆ. ಮೇಲಿನ ಒಂದು ಪದರ ಮೆತ್ತಗಿದ್ದು ಅದರ ಕೆಳಗೆ ಗಟ್ಟಿಯಾದ ಅಟ್ಟೆ ಇರುವುದು ಸರಿಯಾದ ಹದ.

ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಒಬ್ಬರ ಹಳೆಯ ಶೂ ಇದೆ. ಹಿಂದಿನಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಹಿಮ್ಮಡಿಯನ್ನು ಸುತ್ತುವರಿದ ಗೋಡೆ ನೆಟ್ಟಗೆ ನಿಲ್ಲದೆ ಒಳಬದಿಗೆ ವಾಲಿದೆ, ಅಟ್ಟೆಯ ಒಳ ಅಂಚು ಹೊರ ಅಂಚಿಗಿಂತ ಹೆಚ್ಚು ಸವೆದಿದೆ. ಹಿಮ್ಮಡಿಯ ಹೊರ ಮೂಲೆ ಸ್ವಲ್ಪ ಸವೆಯುವುದು ಸಹಜ. ಒಳಬದಿ ಹೀಗೆ ಸವೆದಿದ್ದರೆ ನಡೆಯುವಾಗ ಆ ಪಾದ ಒಳಕ್ಕೆ ಕುಸಿಯುತ್ತಿದೆ ಎಂದು ಊಹಿಸಬಹುದು. ಈ ಶೂವಿನ ಹಿಂಬದಿಯನ್ನು ಎರಡು ಬೆರಳುಗಳಲ್ಲಿ ಹಿಸುಕಿದರೆ ಕಾಗದದ ಹಾಗೆ ಮಡಚಿಕೊಳ್ಳುತ್ತದೆ. ತುದಿ ಮತ್ತು ಹಿಮ್ಮಡಿಯನ್ನು ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದರೆ ಸುರುಳಿಯಾಗುತ್ತದೆ. ಒತ್ತಿ ಬಗ್ಗಿಸಿದರೆ ನಟ್ಟನಡುವೆ, ಕಮಾನು ಇರಬೇಕಾದ ಜಾಗದಲ್ಲೇ ಬಾಗುತ್ತದೆ. ನೀವು ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳೂ ಇವೇ, ಉತ್ತರ ಮಾತ್ರ ತದ್ವಿರುದ್ಧವಾಗಿರಬೇಕು. ಹಿಂಗೋಡೆ ಹಿಸುಕಿದರೆ ಕುಸಿಯಬಾರದು, ನಡುಭಾಗ ತಿರುಚಲು ಸುಲಭವಾಗಿ ಬಗ್ಗಬಾರದು, ಶೂ ಬಾಗಬೇಕಾದದ್ದು ಬೆರಳುಗಳು ಬಾಗುವ ಜಾಗದಲ್ಲಿ ಮಾತ್ರ.

ಇವೆಲ್ಲ ಸರಿಯಿದ್ದೂ ಅಳತೆ ತಪ್ಪಿದರೆ ಶೂ ವ್ಯರ್ಥ. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿಕೊಂಡಿರುವುದರಿಂದ ಆಗಲೇ ಕೊಳ್ಳಲು ಹೋಗಿ. ನಿಂತುಕೊಂಡೇ ಎರಡೂ ಪಾದಗಳನ್ನು ಅಳೆಯಿಸಿ, ದೊಡ್ಡದಿರುವ ಪಾದಕ್ಕೆ ಹೊಂದುವುದನ್ನು ಆರಿಸಿ. ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗವಿರಬೇಕು. ಆ ಬೆರಳು ಹೆಬ್ಬೆರಳೇ ಆಗಿರಬೇಕೆಂದಿಲ್ಲ, ಅನೇಕರಿಗೆ ಎರಡನೆಯ ಬೆರಳೇ ಉದ್ದ. ಹೊರಡುವ ಮೊದಲು ಒಂದು ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಸಿಕೊಂಡು, ಆ ಕಾಗದವನ್ನು ಜೊತೆಗೆ ಒಯ್ಯಿರಿ. ಶೂವನ್ನು ಅದರ ಮೇಲಿಟ್ಟಾಗ ಪಾದದ ಗೆರೆ ಎರಡೂ ಬದಿಗೆ ಹೊರಗೆ ಕಾಣುವಂತಿದ್ದರೆ, ಆ ಶೂ ಎಷ್ಟೇ ಚೆನ್ನಾಗಿದ್ದರೂ ನಿಮ್ಮದಲ್ಲ. ಕೆಲವು ದಿನ ಹಾಕಿದರೆ ಹದಕ್ಕೆ ಬರುತ್ತದೆ ಎಂಬ ಮಾತನ್ನು ನಂಬಬೇಡಿ. ಅಂಗಡಿಯಲ್ಲಿ ಕಚ್ಚುವ ಶೂ ಮನೆಯಲ್ಲೂ ಕಚ್ಚುತ್ತದೆ.

ಪ್ರಶ್ನೆ: ಪಾದದ ಅಚ್ಚು ತೆಗೆದು ಮಾಡಿಕೊಡುವ ಇನ್‌ಸೋಲ್ ಕೊಂಡರೆ ಮಾತ್ರ ಪ್ರಯೋಜನ, ಸಿದ್ಧ ಇನ್‌ಸೋಲ್‌ನಿಂದ ಏನೂ ಆಗದು ಎನ್ನುತ್ತಾರೆ. ಇದು ನಿಜವೇ?

ಉತ್ತರ: ಸಾಮಾನ್ಯ ಹಿಮ್ಮಡಿ ನೋವಿಗೆ ಈ ಮಾತು ಸಲ್ಲುವುದಿಲ್ಲ. ಎರಡನ್ನೂ ಹೋಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊದಲ ಕೆಲವು ತಿಂಗಳು ಎರಡರಿಂದಲೂ ಅಲ್ಪ ಪ್ರಯೋಜನ ಕಂಡಿತ್ತು. ಒಂದು ವರ್ಷದ ಹೊತ್ತಿಗೆ ಅಚ್ಚಿನದಕ್ಕೂ ಸಿದ್ಧವಾದದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಗಟ್ಟಿಯಾದ ಸಿದ್ಧ ಇನ್‌ಸೋಲ್‌ನಿಂದಲೇ ಆರಂಭಿಸಿ. ಶೂವಿನೊಳಗಿರುವ ಹಳೆಯ ಪದರವನ್ನು ತೆಗೆದ ಮೇಲೆಯೇ ಅದನ್ನು ಹಾಕಬೇಕು, ಇಲ್ಲವಾದರೆ ಹಿಮ್ಮಡಿ ಮೇಲೆ ಬಂದು ಶೂ ಜಾರುತ್ತದೆ. ಮೊದಲ ದಿನ ಒಂದು ಗಂಟೆ ಸಾಕು, ಆಮೇಲೆ ದಿನ ದಿನವೂ ಹೆಚ್ಚಿಸುತ್ತಾ ಹೋಗಿ. ಪಾದದ ಆಕಾರವೇ ಬದಲಾಗಿರುವವರಿಗೆ, ಸಂಧಿವಾತವಿರುವವರಿಗೆ, ಮಧುಮೇಹದಿಂದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಮಾತ್ರ ಅಚ್ಚು ತೆಗೆದ ಇನ್‌ಸೋಲ್ ನಿಜವಾಗಿ ಬೇಕಾಗಬಹುದು.

ಪ್ರಶ್ನೆ: ನನ್ನ ನೋವು ಹಿಮ್ಮಡಿಯಲ್ಲಿಲ್ಲ, ಪಾದದ ಮುಂಭಾಗದಲ್ಲಿ. ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ಉರಿ, ಜೋಮು. ಶೂವಿನೊಳಗೆ ಸಣ್ಣ ಕಲ್ಲು ಸಿಕ್ಕಿಕೊಂಡಂತೆ ಅನಿಸಿ ಎಷ್ಟೋ ಸಲ ಬಿಚ್ಚಿ ಕೊಡವಿದ್ದೇನೆ, ಏನೂ ಇರುವುದಿಲ್ಲ. ಬಿಚ್ಚಿ ಉಜ್ಜಿಕೊಂಡರೆ ಹಿತವೆನಿಸುತ್ತದೆ.

ಉತ್ತರ: ಇಲ್ಲದ ಕಲ್ಲನ್ನು ಹುಡುಕಿ ಶೂ ಕೊಡವುವ ನಿಮ್ಮ ಮಾತೇ ಅರ್ಧ ರೋಗನಿರ್ಣಯ ಮಾಡಿಬಿಡುತ್ತದೆ. ಬೆರಳುಗಳಿಗೆ ಹೋಗುವ ನರವೊಂದು ಅಕ್ಕಪಕ್ಕದ ಮೂಳೆಗಳ ನಡುವೆ ಒತ್ತಿಕೊಂಡು ದಪ್ಪಗಾಗಿರಬಹುದು. 1876ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರಿನಿಂದ ಇದಕ್ಕೆ ಮಾರ್ಟನ್ಸ್ ನ್ಯೂರೋಮಾ ಎನ್ನುತ್ತಾರೆ. ಮುಂದಕ್ಕೆ ಚೂಪಾಗಿರುವ ಶೂ ಬೆರಳುಗಳನ್ನು ಒತ್ತರಿಸುತ್ತದೆ, ಎತ್ತರದ ಹಿಮ್ಮಡಿ ಭಾರವನ್ನೆಲ್ಲ ಅಲ್ಲಿಗೇ ತಂದು ಹಾಕುತ್ತದೆ. ಇವೆರಡನ್ನೂ ಬಿಟ್ಟು ಬೆರಳುಗಳು ಹರಡಿಕೊಳ್ಳುವಷ್ಟು ಅಗಲವಾದ ಶೂ ಹಾಕುವುದೇ ಮೊದಲ ಚಿಕಿತ್ಸೆ.

ಇದರ ಜೊತೆಗೆ ಇನ್‌ಸೋಲ್‌ನ ಮೇಲೆ ಅಂಟಿಸುವ ಸಣ್ಣ ಗುಮ್ಮಟದಂಥ ಮೆತ್ತೆಯೂ ಸಿಗುತ್ತದೆ. ನನ್ನ ಬಳಿ ಬರುವ ಬಹಳ ಜನ ಅದನ್ನು ನೋವಿರುವ ಜಾಗದ ಅಡಿಗೇ ಅಂಟಿಸಿಕೊಂಡಿರುತ್ತಾರೆ, ಅದರಿಂದ ಒತ್ತಡ ಇನ್ನೂ ಹೆಚ್ಚುತ್ತದೆ. ಮೆತ್ತೆ ಇರಬೇಕಾದದ್ದು ನೋವಿನ ಜಾಗಕ್ಕಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ. ಅಲ್ಲಿಂದ ಅದು ಮೂಳೆಗಳನ್ನು ಎತ್ತಿ ಅಗಲಿಸುತ್ತದೆ. ಜಾಗ ಗುರುತಿಸಲು ನೋಯುವ ಬಿಂದುವಿಗೆ ಲಿಪ್‌ಸ್ಟಿಕ್ ಹಚ್ಚಿ, ಬರಿಗಾಲನ್ನು ಶೂವಿನೊಳಗಿಟ್ಟು ಒಮ್ಮೆ ಭಾರ ಹಾಕಿ ನಿಲ್ಲಿ. ಇನ್‌ಸೋಲ್‌ನ ಮೇಲೆ ಮೂಡುವ ಕೆಂಪು ಗುರುತಿನ ಹಿಂದೆಯೇ ಮೆತ್ತೆಯ ಮುಂದಿನ ಅಂಚು ಬರಲಿ.

ಪ್ರಶ್ನೆ: ನಮ್ಮ ತಂದೆಯವರಿಗೆ 71 ವರ್ಷ, ಹದಿನೆಂಟು ವರ್ಷದಿಂದ ಮಧುಮೇಹವಿದೆ. ಮೊದಲು ಪಾದ ಉರಿಯುತ್ತಿತ್ತು, ಈಗ ನೋವೇ ಇಲ್ಲ ಎನ್ನುತ್ತಾರೆ. ಸಡಿಲವೆನಿಸುತ್ತದೆಂದು ಚಿಕ್ಕ ಅಳತೆಯ ಚಪ್ಪಲಿಯನ್ನೇ ಕೇಳುತ್ತಾರೆ. ಕೊಡಿಸಬಹುದೇ?

ಉತ್ತರ: ದಯವಿಟ್ಟು ಕೊಡಿಸಬೇಡಿ. ಉರಿ ಹೋಗಿ ನೋವಿಲ್ಲದಂತಾಗಿರುವುದು ವಾಸಿಯ ಲಕ್ಷಣವಾಗಿರದೆ ನರಗಳ ಸ್ಪರ್ಶಶಕ್ತಿ ಕುಂದಿರುವುದರ ಲಕ್ಷಣವಾಗಿರುವ ಸಾಧ್ಯತೆಯೇ ಹೆಚ್ಚು. ಸ್ಪರ್ಶ ಮಂದವಾದ ಪಾದಕ್ಕೆ ಸರಿಯಾದ ಅಳತೆ ಸಡಿಲವಾಗಿಯೂ, ಬಿಗಿಯಾದದ್ದು ಹಿತವಾಗಿಯೂ ತೋರುತ್ತದೆ. ಹೀಗೆ ಆರಿಸಿಕೊಂಡ ಚಪ್ಪಲಿ ಚರ್ಮವನ್ನು ತಿಕ್ಕಿ ಹುಣ್ಣಾದರೂ ಅವರಿಗೆ ಗೊತ್ತಾಗುವುದಿಲ್ಲ. ಅವರ ಪಾದರಕ್ಷೆಯನ್ನು ಅಳತೆ ನೋಡಿ ಆರಿಸಬೇಕೇ ಹೊರತು ಅವರ ಅನಿಸಿಕೆ ಕೇಳಿ ಅಲ್ಲ. ಬೆರಳ ಸಂದಿಯಲ್ಲಿ ಪಟ್ಟಿ ಹಾಯುವ ಚಪ್ಪಲಿ ಬೇಡ. ಹಿಂಬದಿಯ ಪಟ್ಟಿಯಿದ್ದು, ಮೇಲ್ಭಾಗವನ್ನು ಹೊಂದಿಸಿಕೊಳ್ಳಲು ಬರುವ, ಒಳಗೆ ಮೈಕ್ರೋಸೆಲ್ಯುಲರ್ ರಬ್ಬರಿನಂಥ ಮೆತ್ತೆಯೂ ಕೆಳಗೆ ಗಟ್ಟಿ ಅಟ್ಟೆಯೂ ಇರುವುದನ್ನು ಕೊಡಿಸಿ. ಹಾಕಿಕೊಳ್ಳುವ ಮೊದಲು ಪ್ರತಿ ಸಲವೂ ಒಳಗೆ ಕೈಯಾಡಿಸಿ ನೋಡುವುದು, ರಾತ್ರಿ ಅಂಗಾಲು ಮತ್ತು ಬೆರಳ ಸಂದಿಗಳನ್ನು ಬೆಳಕಿನಲ್ಲಿ ಪರೀಕ್ಷಿಸುವುದು ಮನೆಯವರಲ್ಲೊಬ್ಬರ ಹೊಣೆಯಾಗಲಿ. ಹೊಸ ಚಪ್ಪಲಿಯನ್ನು ಮೊದಲ ದಿನ ಒಂದು ಗಂಟೆಗಿಂತ ಹೆಚ್ಚು ಹಾಕಿಸದೆ, ತೆಗೆದ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ನೋಡಿ. ವೈದ್ಯರ ಬಳಿ ಹೋದಾಗ ನೈಲಾನ್ ಎಳೆಯಿಂದ ಪಾದದ ಸ್ಪರ್ಶವನ್ನು ಪರೀಕ್ಷಿಸುವಂತೆ ನೀವೇ ಕೇಳಿ. ಒಂದೆರಡು ನಿಮಿಷದ, ನೋವಿಲ್ಲದ ಪರೀಕ್ಷೆ ಅದು.

ಪ್ರಶ್ನೆ: ಯಾವ ಹಂತದಲ್ಲಿ ಶೂ, ವ್ಯಾಯಾಮಗಳನ್ನು ನೆಚ್ಚಿಕೊಂಡಿರುವುದನ್ನು ಬಿಟ್ಟು ವೈದ್ಯರನ್ನು ಕಾಣಬೇಕು?

ಉತ್ತರ: ಬಿದ್ದು ಅಥವಾ ಜಿಗಿದು ನೋವು ಬಂದು ಪಾದದ ಮೇಲೆ ಭಾರ ಹಾಕಲಾಗದಿದ್ದರೆ, ಪಾದ ಕೆಂಪಗೆ ಬಿಸಿಯಾಗಿ ಊದಿಕೊಂಡರೆ, ಜ್ವರ ಜೊತೆಗಿದ್ದರೆ, ಮಲಗಿದಾಗಲೂ ನೋವು ನಿಲ್ಲದಿದ್ದರೆ ತಡಮಾಡದೆ ಹೋಗಬೇಕು. ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಗಳಲ್ಲಿ ಅದುಮಿದಾಗ ಜೋರಾಗಿ ನೊಂದರೆ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಇರಬಹುದು. ಅದಕ್ಕೆ ಶೂ ಉತ್ತರವಲ್ಲ. ಹಾಗೆಯೇ 40 ದಾಟದವರಿಗೆ ಎರಡೂ ಹಿಮ್ಮಡಿಗಳಲ್ಲಿ ನೋವಿದ್ದು, ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೆನ್ನು ಮರಗಟ್ಟಿದಂತಿದ್ದರೆ ಬೆನ್ನುಮೂಳೆಯ ಕೀಲುಗಳ ಉರಿಯೂತವನ್ನು ಶಂಕಿಸಬೇಕಾಗುತ್ತದೆ. ಹೋಗುವಾಗ ನೀವು ದಿನದ ಹೆಚ್ಚು ಹೊತ್ತು ಹಾಕಿಕೊಳ್ಳುವ ಹಳೆಯ ಪಾದರಕ್ಷೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಅದರ ಅಟ್ಟೆಯನ್ನು ಅವರಿಗೆ ತೋರಿಸಿ.