ಹೊಲದ ಮನೆಯಲ್ಲಿ ಹೊರಗೆ ಮಲಗುವ ಮುಧೋಳ ನಾಯಿಗೆ ಚಳಿಗಾಲದಲ್ಲಿ ಏನು ವ್ಯವಸ್ಥೆ ಮಾಡಬೇಕು?

ಬೀಳಗಿ ಹತ್ತಿರದ ಹೊಲದ ಮನೆಯಲ್ಲಿ ಒಂದು ಮುಧೋಳ ನಾಯಿಯನ್ನೂ ಎರಡು ಊರ ನಾಯಿಗಳನ್ನೂ ಸಾಕಿದ್ದೀರಿ. ಮೂರೂ ಹೊರಗೇ ಮಲಗುತ್ತವೆ. ಮುಧೋಳ ನಾಯಿ ಮಾತ್ರ ಬೆಳಗಿನ ಜಾವ ನಡುಗುತ್ತದೆ. ಹಿಮ ಬೀಳದ ನಮ್ಮ ಸೀಮೆಯಲ್ಲಿ ನಾಯಿಗೂ ಚಳಿಯ ವ್ಯವಸ್ಥೆ ಬೇಕೇ ಎಂದು ಕೇಳಿದ್ದೀರಿ. ಬೇಕು. ಬಸವನ ಬಾಗೇವಾಡಿ ಭಾಗದ ನಮ್ಮ ಹೊಲದಲ್ಲಿ ಎರಡೂ ಬಗೆಯ ನಾಯಿಗಳನ್ನು ಸಾಕಿಕೊಂಡು ಬಂದವನಾಗಿ ಉತ್ತರಿಸುತ್ತಿದ್ದೇನೆ.

ಮುಧೋಳದ ಘೋರ್ಪಡೆ ಅರಸರು ಬೇಟೆಗಾಗಿ ಪೋಷಿಸಿದ ಈ ತಳಿಯ ಮೈಕಟ್ಟೇ ಓಟಕ್ಕೆ ಹೇಳಿ ಮಾಡಿಸಿದ್ದು: ಉದ್ದ ಕಾಲು, ಆಳವಾದ ಎದೆ, ಒಳಸೇರಿದ ಹೊಟ್ಟೆ, ಮೈಗಂಟಿದ ಗಿಡ್ಡ ಕೂದಲು, ಚರ್ಮದಡಿ ಇಲ್ಲವೆನ್ನುವಷ್ಟು ತೆಳುವಾದ ಕೊಬ್ಬು. ಓಡುವಾಗ ನೆರವಾಗುವ ಈ ಗುಣಗಳೇ ಸುಮ್ಮನೆ ಮಲಗಿದಾಗ ಮೈಶಾಖವನ್ನು ಬೇಗ ಕಳೆಯುತ್ತವೆ. ಊರ ನಾಯಿಯ ಕೂದಲೂ ಗಿಡ್ಡವೇ, ಆದರೆ ಅದು ರಾತ್ರಿಯಿಡೀ ಜಾಗ ಬದಲಿಸುತ್ತದೆ. ಬಣವಿಯ ಸಂದಿಗೆ ನುಗ್ಗುತ್ತದೆ, ಜೊತೆಯ ನಾಯಿಗೆ ಒತ್ತಿಕೊಂಡು ಮೂಗನ್ನು ಬಾಲದಡಿ ಇಟ್ಟು ಸುರುಳಿಯಾಗುತ್ತದೆ. ಬೇಟೆಗೆ ಓಡಿಹೋಗುತ್ತದೆಂದು ಮುಧೋಳ ನಾಯಿಯನ್ನು ಬೇವಿನ ಗಿಡಕ್ಕೆ ಸರಪಳಿ ಹಾಕಿ ಕಟ್ಟುತ್ತೇವೆ ಎಂದು ನೀವೇ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ನಡುಕಕ್ಕೆ ತಳಿಯಷ್ಟೇ ಆ ಸರಪಳಿಯೂ ಕಾರಣ. ಕಟ್ಟಿದ ನಾಯಿಗೆ ಗಾಳಿಯಿಂದ ಸರಿದು ಕೂರುವ ಸ್ವಾತಂತ್ರ್ಯವಿಲ್ಲ. ಆಳೆತ್ತರದ ಜಾಲರಿ ಬೇಲಿಯ ಒಂದು ಅಂಕಣ ಮಾಡಿ, ಅದರೊಳಗೆ ಮೂರನ್ನೂ ಬಿಡುವುದು ಯಾವ ಅಂಗಿ, ಹೊದಿಕೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಮ್ಮಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿದು, ಅದೇ ದಿನ ಮಧ್ಯಾಹ್ನ 30ರ ಹತ್ತಿರ ಬಿಸಿಲು ಕಾಯುತ್ತದೆ. ಚಳಿದೇಶದವರು ಹಿಮ, ಉಪ್ಪು ಸುರಿದ ರಸ್ತೆ, ಮರಗಟ್ಟುವ ಕಿವಿಗಳ ಬಗ್ಗೆ ಬರೆಯುವ ಎಚ್ಚರಿಕೆಗಳು ನಮಗೆ ಬೇಕಿಲ್ಲ. ನಮ್ಮ ನಾಯಿಗಳನ್ನು ಕಾಡುವುದು ಬಯಲಿನ ಮೂಡಣ ಗಾಳಿ, ಇಬ್ಬನಿ, ಮತ್ತು ನೀರು ಹಾಯಿಸಿದ ಎರೆಮಣ್ಣಿನ ತಂಪು. ಒಣಗಿದ ಮೈಯ ನಾಯಿ ತಡೆದುಕೊಳ್ಳುವ ಚಳಿಯನ್ನು ತೊಯ್ದ ನಾಯಿ ತಡೆಯಲಾರದು.

ಆದ್ದರಿಂದ ಗೂಡಿಗಿಂತ ಮೊದಲು ನೆಲವನ್ನು ನೋಡಿ. ಫರಸಿ ಕಲ್ಲಾಗಲಿ, ಸಿಮೆಂಟಾಗಲಿ, ಬರಿಯ ಮಣ್ಣಾಗಲಿ ಮೈಯ ಶಾಖವನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಇಟ್ಟಿಗೆಗಳ ಮೇಲೆ ಹಲಗೆ ಹಾಕಿ ಗೇಣೆತ್ತರಕ್ಕೆ ಏರಿಸಿದರೆ ಅರ್ಧ ಕೆಲಸ ಮುಗಿಯಿತು. ಗೂಡು ದೊಡ್ಡದಿದ್ದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ, ಏಕೆಂದರೆ ಒಳಗಿನ ಗಾಳಿಯನ್ನು ಬೆಚ್ಚಗಾಗಿಸುವುದು ನಾಯಿಯ ಮೈಯೇ; ಅದು ನಿಂತು, ತಿರುಗಿ, ಕಾಲು ಮಡಚಿ ಮಲಗುವಷ್ಟು ಜಾಗ ಸಾಕು. ಬಾಗಿಲನ್ನು ದಕ್ಷಿಣಕ್ಕೆ, ನಡುವಿಗಲ್ಲದೆ ಒಂದು ಮೂಲೆಗೆ ಇಟ್ಟು, ಗೋಣಿಚೀಲದ ಪರದೆ ಇಳಿಬಿಡಿ. ಮೇಲೆ ಬರಿಯ ತಗಡು ಹೊದಿಸಿದರೆ ರಾತ್ರಿ ತಗಡು ತಣ್ಣಗಾಗಿ ಒಳಗಿನ ಉಸಿರಿನ ತೇವ ಹನಿಯಾಗಿ ನಾಯಿಯ ಮೇಲೆಯೇ ಬೀಳುತ್ತದೆ. ತಗಡಿನ ಕೆಳಗೆ ಜೋಳದ ಕಣಿಕೆಯ ಒಂದು ಪದರು ಕಟ್ಟಿಬಿಡಿ. ಹಾಸಲು ಹಳೆಯ ಕೌದಿ ಬೇಡ, ಅದು ತೇವ ಹೀರಿ ಬೆಳತನಕ ತಣ್ಣಗಿರುತ್ತದೆ. ಕಬ್ಬಿನ ರವದಿಯನ್ನು, ಅಂದರೆ ಒಣಗಿದ ಗರಿಗಳನ್ನು, ಕತ್ತರಿಸಿ, ತುಳಿದು ಮೆತ್ತಗೆ ಮಾಡಿ ದಪ್ಪಗೆ ಹಾಕಿದರೆ ನಾಯಿ ತಾನೇ ಅದರಲ್ಲಿ ಕುಳಿ ಮಾಡಿಕೊಂಡು ಹುದುಗುತ್ತದೆ. ತೊಗರಿಯ ಹೊಟ್ಟು ಕೈಗೆ ಸಿಗುತ್ತದೆಂದು ಹಾಕಬೇಡಿ, ಅದರ ಧೂಳು ಮೂಗು, ಕಣ್ಣುಗಳನ್ನು ಕೆಡಿಸುತ್ತದೆ. ವಾರಕ್ಕೊಮ್ಮೆ ಹಾಸು ತೆಗೆದು ಬಿಸಿಲಿಗೆ ಹರಡಿ, ಹಲಗೆಯ ಸಂದಿಗಳನ್ನು ನೋಡಿ. ನಮ್ಮ ಚಳಿಗೆ ರಕ್ತ ಹೀರುವ ಉಣ್ಣಿಗಳು ಸಾಯುವುದಿಲ್ಲ, ಬೆಚ್ಚಗಿನ ಬಿರುಕಿನಲ್ಲೇ ಉಳಿಯುತ್ತವೆ.

ಗೋಣಿಚೀಲದ ಅಂಗಿ ತೊಡಿಸಬಹುದು, ಆದರೆ ಸೂರ್ಯ ಮೇಲೇರಿದೊಡನೆ ಬಿಚ್ಚುವ ಶಿಸ್ತಿದ್ದರೆ ಮಾತ್ರ. ಇಬ್ಬನಿಗೆ ತೊಯ್ದ ಅಂಗಿಗಿಂತ ಅಂಗಿಯಿಲ್ಲದಿರುವುದೇ ಮೇಲು. ಮುಚ್ಚಿದ ಕೊಟ್ಟಿಗೆಯಲ್ಲಿ ಕೆಂಡದ ಬುಟ್ಟಿ ಇಡಬೇಡಿ, ಕೆಂಡದಿಂದ ಬರುವ ಕಣ್ಣಿಗೆ ಕಾಣದ ವಿಷಗಾಳಿ ಮನುಷ್ಯರಂತೆ ನಾಯಿಗಳನ್ನೂ ಕೊಲ್ಲುತ್ತದೆ. ಆರಿದ ಒಲೆಯ ಬೂದಿಯಲ್ಲಿ ಮಲಗಿ ಹೊಟ್ಟೆ ಸುಟ್ಟುಕೊಂಡ ನಾಯಿಗಳನ್ನೂ ಕಂಡಿದ್ದೇನೆ.

ಹೊರಗೆ ಮಲಗುವ ನಾಯಿಗೆ ಈ ದಿನಗಳಲ್ಲಿ ಊಟ ಹೆಚ್ಚು ಬೇಕು. ಬರಿಯ ರೊಟ್ಟಿ, ಮಜ್ಜಿಗೆಯಿಂದ ಮುಧೋಳ ನಾಯಿಯ ಮೈ ನಿಲ್ಲದು. ಜೋಳದ ನುಚ್ಚಿಗೆ ಬೇಯಿಸಿದ ಮೊಟ್ಟೆ ಅಥವಾ ಮಾಂಸ ಬೆರೆಸಿ, ಉಗುರುಬೆಚ್ಚಗಿರುವಾಗ ಕತ್ತಲಾದ ಮೇಲೆ ಕೊಡಿ. ಈ ತಳಿಯಲ್ಲಿ ಪಕ್ಕೆಲುಬು ಸ್ವಲ್ಪ ಕಾಣುವುದು ಸಹಜ, ಬೆನ್ನೆಲುಬಿನ ಮೊನೆಗಳು ಎದ್ದು ಕಂಡರೆ ಊಟ ಸಾಲದೆಂದು ತಿಳಿಯಿರಿ. ಎಳ್ಳು ಅಮಾವಾಸ್ಯೆಗೆ ಚರಗ ಚೆಲ್ಲಿ ಬುತ್ತಿ ಉಂಡು ಉಳಿದದ್ದನ್ನೆಲ್ಲ ನಾಯಿಗೆ ಹಾಕುವುದು ನಮ್ಮ ರೂಢಿ; ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಪಲ್ಯವನ್ನು ಮಾತ್ರ ಹಾಕಬೇಡಿ, ಅವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡವೇ ಕೈಕೊಡಬಹುದು, ಎಷ್ಟು ತಿಂದರೆ ಅಪಾಯವೆಂದು ಮೊದಲೇ ಹೇಳಲು ಬರುವುದಿಲ್ಲ. ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಎರಡೂ ಜಿಲ್ಲೆಗಳಲ್ಲಿ ದ್ರಾಕ್ಷಿ ತೋಟವಿರುವವರು ಇದನ್ನು ಲಘುವಾಗಿ ತೆಗೆದುಕೊಳ್ಳುವುದು ನನಗೆ ಸೋಜಿಗ.

ಊರ ನಾಯಿಗಳಲ್ಲಿ ಹೆಣ್ಣಿದ್ದರೆ ಇನ್ನೊಂದು ಮಾತು. ಬೀದಿಯ, ಹೊಲದ ನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಗೆ ಬೆದೆಗೆ ಬಂದು, ಸುಮಾರು 63 ದಿನಕ್ಕೆ, ಸರಿಯಾಗಿ ಚಳಿಯಲ್ಲೇ ಮರಿ ಹಾಕುತ್ತವೆ. ಮೊದಲ ಎರಡು ಮೂರು ವಾರ ಮರಿಗಳಿಗೆ ತಮ್ಮ ಮೈಶಾಖವನ್ನು ತಾವೇ ಕಾಯ್ದುಕೊಳ್ಳಲು ಬರುವುದಿಲ್ಲ. ತಾಯಿ ರವದಿಯ ರಾಶಿಯಲ್ಲಿ ಮರಿ ಹಾಕಿರುವ ಸಾಧ್ಯತೆ ಇರುವುದರಿಂದ ಕಬ್ಬು ಕಡಿದ ಹೊಲಕ್ಕೆ ಬೆಂಕಿ ಹಚ್ಚುವ ಮುನ್ನ, ಕಬ್ಬಿನ ಟ್ರ್ಯಾಕ್ಟರ್ ಚಾಲೂ ಮಾಡುವ ಮುನ್ನ, ಅಡಿಯಲ್ಲಿ ಒಮ್ಮೆ ಬಗ್ಗಿ ನೋಡಿ. ಆರರಿಂದ ಎಂಟು ವಾರಕ್ಕೆ ಪಾರ್ವೋ, ಡಿಸ್ಟೆಂಪರ್ ಲಸಿಕೆ ಶುರುವಾಗಬೇಕು, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಬೀಳಬೇಕು.

ಕೊನೆಯದಾಗಿ ನಿಮ್ಮ ನಾಯಿಯ ನಡುಕದ ವಿಚಾರ. ಎದ್ದು ಎರಡು ಸುತ್ತು ಓಡಿದ ಮೇಲೆ ನಡುಕ ನಿಂತರೆ ಅದು ಬರಿಯ ಚಳಿ. ನಡುಕ ನಿಂತರೂ ನಾಯಿ ಮಂಕಾಗಿ, ಕಾಲು ಬಿಗಿದು, ಕಿವಿ, ವಸಡು ತಣ್ಣಗೆ ಬಿಳಿಚಿದ್ದರೆ ಅದು ಸುಧಾರಣೆಯಲ್ಲ, ದೇಹ ಸೋಲುತ್ತಿದೆ ಎಂದರ್ಥ. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ಆರೋಗ್ಯವಂತ ನಾಯಿಯಲ್ಲಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 99ಕ್ಕಿಂತ ಕೆಳಗಿಳಿದರೆ ಮೈ ಒರೆಸಿ, ಒಳಗೆ ತಂದು, ಕಂಬಳಿ ಸುತ್ತಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆ, ಹೊಟ್ಟೆಯ ಪಕ್ಕ ಇಡಿ. ಬಿಸಿನೀರು ಸುರಿಯುವುದು, ಬೆಂಕಿಯ ಮುಂದೆ ಮಲಗಿಸುವುದು, ಕಾಲು ತಿಕ್ಕುವುದು ಬೇಡ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ಕೊಡಬೇಡಿ. ಕುರಿಗೆ ತಂದ ಜಂತಿನ ಔಷಧವನ್ನು ಅಂದಾಜಿನ ಮೇಲೆ ಹಾಕುವುದೂ ಬೇಡ. ಅರ್ಧ ಗಂಟೆಯಲ್ಲಿ ಶಾಖ ಏರತೊಡಗದಿದ್ದರೆ ಬೆಳಗಾಗಲೆಂದು ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ. ತಳಿಯ ಆಹಾರ, ಮೈತೂಕದ ಸಂದೇಹಗಳಿದ್ದರೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ; ಬೀಳಗಿಯಿಂದ ಅದು ದೂರವಲ್ಲ.